ಅರ್ಜಿಯ ಮೂರನೆಯ ಪ್ಯಾರಾ

ಗೋಡೆಗೆ ಕೆಮ್ಮಣ್ಣು ಮೆತ್ತಿದ್ದಾರೆ ಅಂದುಕೊಂಡು ಮುಟ್ಟಿ ನೋಡಿದೆ, ಪೇಂಟು. ಅದರ ಮೇಲೆ ಬಿಳಿಯ ಚಿತ್ತಾರ, ಮೊಳೆಗೆ ತೂಗುಹಾಕಿದ ಹಳೆಯ ಕೂರಿಗೆ, ಮಾಳಿಗೆಯಿಂದ ಇಳಿಬಿಟ್ಟ ಹಳದಿ ಬಲ್ಬುಗಳು. ಬಾಗಿಲ ಮೇಲೆ ‘ಹಗೇವು, ಫ್ಯಾಮಿಲಿ ರೆಸ್ಟೊ ಬಾರ್’ ಎಂಬ ಬೋರ್ಡು. ಹಗೇವು ಅಂದರೆ ಹಿಂದೆ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಕಣಜ. ಈ ಜಾಗದಲ್ಲಿ ಯಾವ ಹಗೇವೂ ಇರಲಿಲ್ಲ. ಇಲ್ಲಿದ್ದದ್ದು ಸರಾಯಿ ಅಂಗಡಿ.

‘ಮೌಶಿ, ಎಷ್ಟ ಚಂದ ಮಾಡ್ಯಾರ ನೋಡು! ನಿನ್ನ ಕಾಲದಾಗ ಇಂಥಾದ್ದೆಲ್ಲಿತ್ತು ಇಲ್ಲೆ?’ ಎಂದಳು ಶ್ರುತಿ. ಅವಳು ನನ್ನ ತಂಗಿಯ ಮಗಳು. ನನಗೆ ಎಪ್ಪತ್ತೆರಡು ತುಂಬಿದ ದಿನ, ‘ಸರ್‌ಪ್ರೈಜ್’ ಎಂದು ಹುಬ್ಬಳ್ಳಿಯಿಂದ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಮಿಶ್ರಿಕೋಟಿ ದಾಟುವವರೆಗೂ ಎಲ್ಲಿಗೆ ಎಂದು ಹೇಳಿರಲಿಲ್ಲ. ದಾಟಿದ ಮೇಲೆ ಹೇಳುವುದು ಬೇಕಾಗಲಿಲ್ಲ. ರಸ್ತೆಯ ತಿರುವು, ಹುಣಸೆಮರ, ಅದರ ಆಚೆ ನಾನು ಆರೇಳು ತಿಂಗಳು ಕಲಿಸಿದ ಶಾಲೆಯ ಹೆಂಚು. ಈ ಊರಲ್ಲಿ ನಾನು ನೌಕರಿ ಮಾಡಿದ್ದು ಅವಳಿಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು.

‘ಇತ್ತು’ ಎಂದೆ ನಾನು. ಅವಳಿಗೆ ಅದು ಕೇಳಿಸಲಿಲ್ಲ; ಕೂರಿಗೆಯ ಫೋಟೋ ತೆಗೆಯುತ್ತಿದ್ದಳು.

ಮೆನು ಕಾರ್ಡಿನಲ್ಲಿ ಒಂದು ಪುಟ ಊಟ, ನಾಲ್ಕು ಪುಟ ಡ್ರಿಂಕ್ಸು. ಡ್ರೈವ್ ಮಾಡಬೇಕೆಂದು ಶ್ರುತಿ ನಿಂಬೆ ಸೋಡಾ ಹೇಳಿದಳು. ನಾನು ಒಂದು ಗ್ಲಾಸ್ ಬಿಯರ್ ಹೇಳಿದೆ. ಅವಳು ಬಿದ್ದುಬಿದ್ದು ನಕ್ಕಳು. ‘ಅಗದಿ ಮಾಡರ್ನ್ ಬಿಡು ನೀ.’ ಯಾಕೆ ಹೇಳಿದೆನೋ ಗೊತ್ತಿಲ್ಲ. ಈ ಗೋಡೆಗಳ ನಡುವೆ ಕೂತು ನೀರು ಕುಡಿದು ಎದ್ದುಬಂದರೆ ನಾನು ಒಳ್ಳೆಯವಳು ಅನ್ನಿಸಿಬಿಡುತ್ತಿತ್ತೇನೋ. ಆ ಸುಳ್ಳು ಬೇಡವಾಗಿತ್ತು.

ಬಿಯರು ಬಂತು. ಅದರ ಹಿಂದೆಯೇ ಒಳಗಿನಿಂದ ಒಂದು ವಾಸನೆ ಬಂತು. ಕಾದ ಹಂಚಿನ ಮೇಲೆ ಜೋಳದ ಹಿಟ್ಟು ಸೀಯುವ ವಾಸನೆ, ಅದಕ್ಕೆ ಒದ್ದೆ ಬಟ್ಟೆ ಎಳೆದಾಗ ಏಳುವ ಹಬೆ. ಹಾಲಿನ ಮೂಲೆಯಲ್ಲಿ ಗಾಜಿನ ಆಚೆ ಒಂದು ಕಟ್ಟೆ, ಅದರ ಮೇಲೆ ಒಲೆ. ‘ಲೈವ್ ರೊಟ್ಟಿ ಕೌಂಟರ್’ ಎಂದು ಬೋರ್ಡು. ಇಳಕಲ್ ಸೀರೆ ಉಟ್ಟ ಒಬ್ಬ ಮುದುಕಿ ನಮಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಟ್ ಪಟ್ ಪಟ್. ನಡುವೆ ಒಂದು ಸಣ್ಣ ತಡೆ. ಮತ್ತೆ ಪಟ್ ಪಟ್. ಆ ತಡೆ ಕೇಳಿದ ಕೂಡಲೆ ನನ್ನ ಕೈ ಗ್ಲಾಸಿನ ಮೇಲೆಯೇ ನಿಂತಿತು.

ಮೂವತ್ತೈದು ವರ್ಷದ ಹಿಂದೆ, ಆರಿದ್ರಾ ಮಳೆ ಹಿಡಿದ ವಾರ ನಾನು ಈ ಊರಿಗೆ ಬಂದದ್ದು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು, ನಲವತ್ತರ ಹತ್ತಿರದವಳು, ನೌಕರಿಯಲ್ಲಿ ಮಾತ್ರ ಹೊಸಬಳು. ಮಕ್ಕಳಾಗಲಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ಸೇರಿದ ಕೆಲಸ. ನನ್ನ ಗಂಡ ಪ್ರಭಾಕರ ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಮ್ಯಾನೇಜರ್. ಶನಿವಾರ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದರು. ಉಳಿದ ದಿನ ನಾನು, ಬಾಡಿಗೆಯ ಎರಡು ಖೋಲಿ, ಸೋರುವ ಹೆಂಚು ಮತ್ತು ಮಳೆ. ಈ ಕಡೆಯ ಮಳೆ ಧೋ ಎಂದು ಸುರಿದು ಮುಗಿಸುವುದಿಲ್ಲ. ಬೇಡದ ನೆಂಟನ ಹಾಗೆ ಬಾಗಿಲಲ್ಲಿ ನಿಂತು ಹನಿಯುತ್ತಲೇ ಇರುತ್ತದೆ. ಭತ್ತದ ಗದ್ದೆಗಳಲ್ಲಿ ಹೆಂಗಸರು ತಲೆಗೆ ಗೋಣಿಚೀಲದ ಗೊಂಚಿ ಹಾಕಿಕೊಂಡು ಬೆನ್ನು ಬಾಗಿಸಿ ಕಸ ಕೀಳುತ್ತಿದ್ದರು. ಗಂಡಸರಿಗೆ ಆಗ ಕೆಲಸ ಕಡಿಮೆ. ಅವರು ಇಲ್ಲಿರುತ್ತಿದ್ದರು, ಬಸ್ಸು ನಿಲ್ಲುವ ಕಡೆ, ಈಗ ನಾನು ಕೂತಿರುವ ಈ ಕಟ್ಟಡದ ಮುಂದೆ. ಶಾಲೆಗೆ ಹೋಗುವಾಗ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ದಾಟುತ್ತಿದ್ದೆ. ಹುಳಿತ ಬೆಲ್ಲಕ್ಕೆ ಸ್ಪಿರಿಟ್ ಬೆರೆಸಿದಂಥ ವಾಸನೆ. ನನ್ನ ಅಟ್ಟದ ಟ್ರಂಕಿನಲ್ಲಿ ಪ್ರಭಾಕರರ ವ್ಹಿಸ್ಕಿ ಬಾಟಲಿ ಇತ್ತು. ಅದರ ವಾಸನೆ ಬೇರೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ದ್ಯಾಮವ್ವ ನನಗೆ ರೊಟ್ಟಿ ಕಲಿಸಲು ಬಂದವಳು. ಅವಳ ಮಗಳು ನನ್ನ ಕ್ಲಾಸಿನಲ್ಲಿದ್ದಳು. ‘ಅಕ್ಕೋರು ದಿನಾ ಬ್ರೆಡ್ ತಿಂತಾರ’ ಎಂದು ಮನೆಯಲ್ಲಿ ಹೇಳಿದ್ದಳಂತೆ. ಒಂದು ಸಂಜೆ ದ್ಯಾಮವ್ವ ಹಿಟ್ಟಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತೆಂಟರ ಹೆಂಗಸು, ಎತ್ತರ, ನಕ್ಕರೆ ಇಡೀ ಮೈ ನಗುತ್ತಿತ್ತು.

‘ಏನ್ರಿ ಅಕ್ಕೋರ, ಜ್ವರ ಬಂದವ್ರಂಗ ಬ್ರೆಡ್ ತಿಂತೀರಂತ? ಸರೀರಿ ಬಾಜೂಕ.’

ಕುದಿಯುವ ನೀರಿಗೆ ಹಿಟ್ಟು, ಬಿಸಿ ಇರುವಾಗಲೇ ನಾದಬೇಕು, ಎಡಗೈ ತಿರುಗಿಸಬೇಕು, ಬಲಗೈ ಬಡಿಯಬೇಕು. ನನ್ನ ರೊಟ್ಟಿ ಮೂರು ದಿಕ್ಕಿಗೆ ಹರಿಯುತ್ತಿತ್ತು. ‘ಇದ ರೊಟ್ಟಿ ಅಲ್ರಿ, ಜಿಲ್ಲಾ ನಕಾಶಿ’ ಎಂದು ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಆಷಾಢ ಮುಗಿಯುವ ಹೊತ್ತಿಗೆ ನನ್ನ ರೊಟ್ಟಿ ಸುಮಾರಾಗಿ ದುಂಡಗಾಗಿತ್ತು. ನಾವಿಬ್ಬರೂ ಒಲೆಯ ಮುಂದೆ ಕೂತು ಎಲ್ಲವನ್ನೂ ಮಾತಾಡುತ್ತಿದ್ದೆವು. ನನಗೆ ಜೀವನದಲ್ಲಿ ಫ್ರೆಂಡ್ ಎಂದು ಇದ್ದದ್ದು ಕಾನ್ವೆಂಟಿನ ಹುಡುಗಿಯರು ಮಾತ್ರ. ಅವರ ಜೊತೆ ನಾನು ಹೀಗೆ ಮಾತಾಡಿದ್ದು ನೆನಪಿಲ್ಲ.

ಶ್ರಾವಣದ ಒಂದು ಸಂಜೆ ಅವಳು ಒಂದೇ ಕೈಯಿಂದ ಬಡಿಯುತ್ತಿದ್ದಳು. ಎಡಗೈ ಸೆರಗಿನೊಳಗೆ. ರೊಟ್ಟಿ ತಿರುಗದೆ ಹಿಟ್ಟು ಕಲ್ಲಿಗೆ ಹತ್ತಿಕೊಳ್ಳುತ್ತಿತ್ತು.

‘ಏನಾತು ಕೈಗೆ?’

‘ಜಾರಿ ಬಿದ್ದೇನ್ರಿ.’

ನಾನು ಅವಳ ಸೆರಗು ಸರಿಸಿ ಕೈ ನೋಡಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಅದು ಉಬ್ಬುವುದನ್ನೇ ನೋಡುತ್ತ ಹೇಳಿದಳು. ಗಂಡ ಕುಡಿದು ಬಂದಿದ್ದ. ಕೊಡಲಿಯ ಕಾವು ಕೈಗೆ ಸಿಕ್ಕಿತ್ತು. ಅಡ್ಡ ಹಿಡಿದ ಕೈಗೆ ಪೆಟ್ಟು ಬಿತ್ತು. ಮೂಳೆ ಕಟ್ಟುವವನ ಹತ್ತಿರ ಹೋಗಲು ಅತ್ತೆ ಬಿಡಲಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ ಎಂದು.

‘ನಾನು ಹುಬ್ಬಳ್ಳಿಗೆ ಕರಕೊಂಡು ಹೋಗತೀನಿ, ಎಕ್ಸ್‌ರೇ ತಗಸೂಣು.’

‘ಬ್ಯಾಡ್ರಿ. ಕುಡದಾಗಷ್ಟಽ ಅಂವ ಹಂಗ. ಇಲ್ಲಂದ್ರ ಹಂಗಿಲ್ಲ.’ ಆಮೇಲೆ ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದಳು. ‘ನಿಮ್ಮ ಹೊಟ್ಟ್ಯಾಗ ಇರಲ್ರಿ ಅಕ್ಕೋರ ಇದು. ನನ್ನ ತೌರ ಮನ್ಯಾಗೂ ಹೇಳಿಲ್ಲ.’

‘ಇರಲಿ’ ಎಂದೆ. ಅವಳ ಸುಟ್ಟ ರೊಟ್ಟಿ ತಿಂದೆ.

ಅದಾಗಿ ಹದಿನೈದು ದಿನಕ್ಕೆ ಹೆಂಗಸರೆಲ್ಲ ನನ್ನ ಮನೆಗೆ ಬಂದರು. ಮುಂದೆ ದ್ಯಾಮವ್ವ. ಕೈಗೆ ತಾನೇ ಅರಿವೆ ಸುತ್ತಿಕೊಂಡಿದ್ದಳು. ಕೇಳಿದವರಿಗೆಲ್ಲ ಗದ್ದೆಯ ಬದುವಿನಲ್ಲಿ ಜಾರಿದ ಕಥೆ ಹೇಳಿದ್ದಳು.

‘ಅಂಗಡಿ ಮುಚ್ಚಸ್ಬೇಕ್ರಿ. ಒಂದ ಅರ್ಜಿ ಬರದ ಕೊಡ್ರಿ. ಮುಂದ ನಾವ ನೋಡ್ಕೋತೀವಿ.’

ನನಗೆ ಮೈಯೆಲ್ಲ ಮಿಂಚು. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದ ‘ಸರ್ವಿಸ್’ ಎಂಬ ಮಾತು ಕೊನೆಗೂ ನನ್ನ ಬಾಗಿಲಿಗೆ ಬಂದಿತ್ತು. ಹಾಳೆ ತೆಗೆದು ಹೆಸರುಗಳ ಪಟ್ಟಿಗೆ ಗೆರೆ ಹಾಕಿದೆ. ಹೆಸರು, ಗಂಡನ ಹೆಸರು, ಸಹಿ ಅಥವಾ ಹೆಬ್ಬೆಟ್ಟು. ಮೊದಲನೆಯವಳನ್ನು ಗಂಡನ ಹೆಸರು ಕೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದವಳು ಕಿಸಕ್ಕನೆ ನಕ್ಕಳು. ಇಲ್ಲಿನ ಹೆಂಗಸರು ಗಂಡನ ಹೆಸರನ್ನು ಬಿಡಿಯಾಗಿ ಬಾಯಿಂದ ಆಡುವುದಿಲ್ಲ. ಮದುವೆ ಮುಂಜಿಯಲ್ಲಿ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಪ್ರಾಸದೊಳಗೆ ಅಡಗಿಸಿ ಹೇಳುತ್ತಾರೆ. ನನಗೆ ಅದು ಗೊತ್ತಿತ್ತು, ಆದರೆ ಸರಕಾರಿ ಅರ್ಜಿಯ ಮುಂದೂ ಅದೇ ನಡೆಯುತ್ತದೆ ಎಂದುಕೊಂಡಿರಲಿಲ್ಲ.

‘ಒಡಪು ಹೇಳ್ರಿ ಹಂಗಾರ!’ ಎಂದಿತು ಒಂದು ದನಿ. ಶುರುವಾಯಿತು. ಹಿರಿಯಳೊಬ್ಬಳು ಗಂಟಲು ಸರಿಮಾಡಿಕೊಂಡಳು. ‘ಕರಿ ಹೊಲದಾಗ ಬಿಳಿ ಜೋಳ, ಕಲ್ಲಪ್ಪನ ಮನ್ಯಾಗ ನನ್ನ ಬಾಳ.’ ಮನೆ ಹಾರಿಹೋಗುವಷ್ಟು ನಗು. ಆಮೇಲೆ ದ್ಯಾಮವ್ವನನ್ನು ನೂಕಿದರು. ಅವಳು ಕೆಂಪಾಗಿ, ಅರಿವೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು:

‘ಬಿತ್ತಿದ್ದು ಭತ್ತ, ಎದ್ದದ್ದು ಕರಿಕಿ,
ಬಸಪ್ಪನ ಹೆಸರ ಹೇಳಾಕ ನನಗ ನಾಚಿಕಿ.’

‘ಅಕ್ಕೋರ, ನೀವೂ ಹೇಳ್ರಿ!’

‘ಪ್ರಭಾಕರ’ ಎಂದೆ.

‘ಅಯ್ಯ! ಹಂಗಲ್ರಿ, ನಾಯಿ ಕರದಂಗ ಕರೀತೀರಲ್ಲರಿ ಗಂಡನ್ನ!’

ನಾನೂ ನಕ್ಕೆ. ಆ ಮಧ್ಯಾಹ್ನದಷ್ಟು ಸುಖವಾಗಿ ನಾನು ಮತ್ತೆ ನಕ್ಕಿಲ್ಲ. ಆದರೆ ಮೂವರ ಹೆಸರಿಗೆ ಒಂದು ತಾಸು ಹಿಡಿದಿತ್ತು. ಹೀಗಾದರೆ ದೀಪಾವಳಿ ಬರುತ್ತದೆ ಎಂದು ನನಗೆ ಅವಸರ. ‘ಬಿಡ್ರಿ, ಶಾಲಿ ರಜಿಸ್ಟರ್‌ನ್ಯಾಗ ಮಕ್ಕಳ ಅಪ್ಪನ ಹೆಸರು ಇರತಾವು, ನಾನಽ ನೋಡಿ ಬರಕೋತೀನಿ’ ಎಂದೆ. ಖಾಲಿ ಹಾಳೆಯ ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿಬಿಟ್ಟೆ. ಹೆಸರು ಹೇಳಲು ಅವರಿಗೆ ಯಾಕೆ ಅಷ್ಟು ಹೊತ್ತು ಬೇಕು ಎಂದು ನಾನು ಯೋಚಿಸಲಿಲ್ಲ. ಗಂಡನ ಹೆಸರು ಅವರ ಬಾಯಿಂದ ಹೊರಬೀಳುವ ಮೊದಲು ಒಂದು ದಾರಿ ಸವೆಸುತ್ತಿತ್ತು. ಹೊಲ, ಜೋಳ, ಕರಿಕೆ ಎಲ್ಲವನ್ನೂ ದಾಟಿ ಬರುತ್ತಿತ್ತು. ನಾನು ಆ ದಾರಿಯನ್ನು ಕಡಿದುಹಾಕಿದೆ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಅಬಕಾರಿ ಸಾಹೇಬರು ಬೇಗ ಕಿವಿಗೊಡುತ್ತಾರೆ ಎಂಬುದು ನೆಪ. ನಿಜ ಹೇಳಬೇಕೆಂದರೆ ನನ್ನ ಇಂಗ್ಲಿಷಿಗೆ ಆ ಊರಲ್ಲಿ ಕೆಲಸವೇ ಇರಲಿಲ್ಲ, ತುಕ್ಕು ಹಿಡಿಯುತ್ತಿತ್ತು. ‘ವಿ, ದಿ ಅಂಡರ್‌ಸೈನ್ಡ್’ ಎಂದು ಬರೆದಾಗ ಬೆನ್ನು ನೆಟ್ಟಗಾಯಿತು. ಮೊದಲ ಪ್ಯಾರಾದಲ್ಲಿ ಅಂಗಡಿ ಎಲ್ಲಿದೆ ಎಂಬುದು. ಎರಡನೆಯದರಲ್ಲಿ ಊರಿಗೆ ಆಗುವ ಕೇಡು. ಲೆಟರ್ ರೈಟಿಂಗ್ ಕ್ಲಾಸಿನಲ್ಲಿ ಸಿಸ್ಟರ್ ಒಂದು ಸೂತ್ರ ಹೇಳಿಕೊಟ್ಟಿದ್ದರು: ಹುಡುಗೀ, ಸುಮ್ಮನೆ ದೂರಬೇಡ, ಒಂದು ಉದಾಹರಣೆ ಕೊಡು, ಉದಾಹರಣೆ ಇಲ್ಲದ ಪತ್ರವನ್ನು ಯಾರೂ ನಂಬುವುದಿಲ್ಲ. ಮೂರನೆಯ ಪ್ಯಾರಾದಲ್ಲಿ ನಾನು ಉದಾಹರಣೆ ಕೊಟ್ಟೆ. ಹೆಸರು, ಗಂಡನ ಹೆಸರು, ಕೊಡಲಿಯ ಕಾವು, ಎಡಗೈ. ಬರೆದು ಮುಗಿಸಿ ಎರಡು ಸಲ ಓದಿದೆ. ಗ್ರಾಮರ್ ತಪ್ಪು ಒಂದೂ ಇರಲಿಲ್ಲ. ಅವಳಿಗೆ ಕೊಟ್ಟ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಇಂಗ್ಲಿಷಿನಲ್ಲಿದೆಯಲ್ಲ, ಯಾರಿಗೆ ತಿಳಿಯುತ್ತದೆ ಎಂದುಕೊಂಡೆ.

ಶನಿವಾರ ಪ್ರಭಾಕರ ಅದನ್ನು ಓದಿದರು, ಕೈಯಲ್ಲಿ ಗ್ಲಾಸು. ‘ಎಕ್ಸಲೆಂಟ್ ಡ್ರಾಫ್ಟ್’ ಎಂದರು. ‘ಆದ್ರ ನೀನು ಸರಕಾರಿ ನೌಕರಿಯಾಕಿ. ಬರದಾವ್ರು ಯಾರು ಅಂತ ಕೇಳಿದ್ರ ಬಾಯಿ ಬಿಡಬ್ಯಾಡ.’ ಆಮೇಲೆ ಗ್ಲಾಸು ಎತ್ತಿ ‘ಚಿಯರ್ಸ್ ಟು ಪ್ರೊಹಿಬಿಷನ್’ ಎಂದು ನಕ್ಕರು. ನಾನೂ ಒಂದು ಗುಟುಕು ಕುಡಿದೆ.

ಮಘಿ ಮಳೆ ಬಿಡುವು ಕೊಟ್ಟ ಒಂದು ದಿನ ವಿಚಾರಣೆಗೆ ಸಾಹೇಬರು ಬಂದರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಶಾಲೆಯ ಕುರ್ಚಿ ಹಾಕಿದ್ದರು. ಇಡೀ ಊರು ಸೇರಿತ್ತು. ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು, ಅಂಗಡಿಯ ಗುತ್ತಿಗೆದಾರ ಮೀಸೆ ಸವರುತ್ತ ನಡುವೆ. ನಾನು ಮಕ್ಕಳನ್ನು ಕರೆದುಕೊಂಡು ಬಂದವಳ ಹಾಗೆ ಹೆಂಗಸರ ಹಿಂದೆ, ಕೊಡೆ ಹಿಡಿದು ನಿಂತಿದ್ದೆ. ಸಾಹೇಬರು ಒಬ್ಬೊಬ್ಬರ ಹೆಸರನ್ನು ಗಂಡನ ಹೆಸರಿನ ಸಮೇತ ಕೂಗಿದರು. ಕೂಗಿದವರು ಎದ್ದು ನಿಂತು ಕೂತರು. ಆ ಬಿಡಿ ಹೆಸರು ಬಯಲಲ್ಲಿ ಕೇಳಿದಾಗಲೆಲ್ಲ ಸೆರಗಿನೊಳಗೆ ಸಣ್ಣ ನಗು. ಗುತ್ತಿಗೆದಾರ ಹೇಳಿದ: ‘ಸಾಹೇಬ್ರ, ಇದರಾಗ ಏನ ಬರದೈತಿ ಅಂತ ಇವಕ್ಕ ಗೊತ್ತಿಲ್ರಿ. ಓದ್ರಿ ಒಮ್ಮೆ, ಎಲ್ಲಾರೂ ಕೇಳ್ಲಿ.’

ಸಾಹೇಬರು ಓದಿದರು, ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ. ಮೊದಲ ಪ್ಯಾರಾ. ಎರಡನೆಯದು. ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ಮೂರನೆಯದಕ್ಕೆ ಬಂದರು.

‘ಉದಾಹರಣೆಗೆ, ದ್ಯಾಮವ್ವ ಗಂಡ ಬಸಪ್ಪ, ಇವಳನ್ನು ಇವಳ ಗಂಡನು ಕುಡಿದು ಬಂದು ಕೊಡಲಿಯ ಕಾವಿನಿಂದ ಹೊಡೆದು ಎಡಗೈ ಮುರಿದಿರುತ್ತಾನೆ.’

ಬಸಪ್ಪ ಗಂಡಸರ ಸಾಲಿನಲ್ಲಿ ನಿಂತಿದ್ದ, ಅವತ್ತು ಕುಡಿದಿರಲಿಲ್ಲ. ಸಣ್ಣ ಆಳು, ಮೈಯೆಲ್ಲ ಗದ್ದೆಯ ಕೆಸರು. ಎಲ್ಲರೂ ತನ್ನತ್ತ ತಿರುಗಿದಾಗ ಅವನು ನೆಲ ನೋಡಿದ.

‘ಯಾರವ್ವಾ ದ್ಯಾಮವ್ವ? ಇದು ಖರೇನಽ? ನೀನಽ ಹೇಳಿ ಬರಸೀಯೇನು?’ ಎಂದರು ಸಾಹೇಬರು.

ದ್ಯಾಮವ್ವ ಎದ್ದಳು. ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕಾಯುವಿಕೆ ಇತ್ತು. ಈಗ ಅಕ್ಕೋರು ಏನೋ ಹೇಳುತ್ತಾರೆ, ಓದು ಬಲ್ಲವರು, ಹೇಗೋ ಸರಿ ಮಾಡುತ್ತಾರೆ ಎಂದು. ಅವಳು ಹೇಳಿಲ್ಲ, ಬರೆದವಳು ನಾನು, ಅವಳನ್ನು ಕೇಳದೆ ಬರೆದೆ. ನಾನು ಹೇಳಬೇಕಿದ್ದದ್ದು ಈ ಮೂರೇ ಮಾತು. ನಾನು ಕೊಡೆಯ ಹಿಡಿಕೆಯನ್ನು ನೋಡಿದೆ. ಅದು ಬೆತ್ತದ್ದು, ತುದಿಯಲ್ಲಿ ಸೀಳು ಬಿಟ್ಟಿತ್ತು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

‘ಹೌದ್ರಿ’ ಎಂದಳು ಅವಳು. ‘ನಾನಽ ಹೇಳೇನ್ರಿ.’

‘ಬರದಾವ್ರು ಯಾರು?’

‘ಹುಬ್ಬಳ್ಳ್ಯಾಗ ಬರಸಿಕೊಂಡ ಬಂದೇವ್ರಿ. ಯಾರೋ ಒಬ್ರು.’

ಹದಿನೈದು ದಿನದಲ್ಲಿ ಅಂಗಡಿಗೆ ಬೀಗ ಬಿತ್ತು. ಹೆಂಗಸರು ಮುಚ್ಚಿದ ಬಾಗಿಲ ಮುಂದೆ ಕಾಯಿ ಒಡೆದು, ಶಾಲೆಗೂ ಬಂದು ನನ್ನ ಕೈಗೆ ಸಕ್ಕರೆ ಹಾಕಿದರು. ಅವರಲ್ಲಿ ದ್ಯಾಮವ್ವ ಇರಲಿಲ್ಲ. ‘ಗಂಡನ ಮಾನಾ ಕಟ್ಟಿ ಮ್ಯಾಲ ಹಾಕಿದ್ಲು’ ಎಂದು ಸಕ್ಕರೆ ಹಂಚಿದ ಬಾಯಿಗಳೇ ಹೇಳಿದವು. ಗಂಡ ಹೊಡೆದದ್ದು ಯಾರಿಗೂ ಹೊಸದಲ್ಲ. ಪ್ರತಿ ಮನೆಯಲ್ಲೂ ಒಂದು ಕೈ, ಒಂದು ಬೆನ್ನು ಇತ್ತು. ಹೆಸರು ಹಿಡಿದು ಹೇಳಿದ್ದು ಮಾತ್ರ ಹೊಸದು. ಅವಳು ನನ್ನ ಮನೆಗೆ ಬರುವುದು ನಿಂತಿತು. ಅವಳ ಮಗಳು ಕ್ಲಾಸಿನಲ್ಲಿ ಹಿಂದಿನ ಸಾಲಿಗೆ ಹೋಗಿ ಕೂತಳು.

ನಾನು ವರ್ಗಾವಣೆಗೆ ಅರ್ಜಿ ಹಾಕಿದೆ. ಈ ಅರ್ಜಿಯಲ್ಲಿ ಉದಾಹರಣೆ ಕೊಡಲಿಲ್ಲ. ‘ಹೆಲ್ತ್ ಗ್ರೌಂಡ್ಸ್’ ಎಂದು ಬರೆದೆ. ಪ್ರಭಾಕರರಿಗೆ ಗುರುತಿನವರಿದ್ದರು, ಭತ್ತದ ಸುಗ್ಗಿ ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಆರ್ಡರ್ ಬಂತು. ಹೊರಡುವ ದಿನ ಅವಳ ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ‘ಇಲ್ರಿ. ಹೊಲಕ್ಕ ಹೋಗ್ಯಾಳ’ ಎಂದಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಪಟ್ ಪಟ್ ಪಟ್, ಒಂದು ತಡೆ, ಮತ್ತೆ ಪಟ್ ಪಟ್. ಸೊಟ್ಟಗೆ ಕೂಡಿಕೊಂಡ ಎಡಗೈ ರೊಟ್ಟಿಯನ್ನು ತಿರುಗಿಸುವಾಗ ಆಗುವ ತಡೆ. ದ್ಯಾಮವ್ವಾ ಎಂದು ಕೂಗಿದರೆ ಕೇಳಿಸುವಷ್ಟು ಹತ್ತಿರ. ನಾನು ಕೂಗಲಿಲ್ಲ. ಬಸ್ಸು ಬರುವ ಹೊತ್ತಾಗಿತ್ತು.

‘ಮೌಶಿ! ಬಿಯರು ಬಿಸಿ ಆತು. ಏನ ಯೋಚನಿ ಮಾಡ್ತೀ?’

ಶ್ರುತಿಯ ಮುಂದೆ ತಾಟು ಬಂದಿತ್ತು: ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ‘ಬಾ, ರೊಟ್ಟಿ ಕೌಂಟರಿಗೆ ಹೋಗೂಣು. ಆ ಅಜ್ಜಿ ರೀಲ್ಸಿನ್ಯಾಗ ಫೇಮಸ್. ರೊಟ್ಟಿ ಬಡಕೋತ ಒಡಪ ಹೇಳ್ತಾಳಂತ, ಗಂಡನ ಹೆಸರ ಹಾಕಿ.’

ನಾನು ಬರುವುದಿಲ್ಲ ಎನ್ನಬಹುದಿತ್ತು. ಮಂಡಿನೋವು ನನಗೆ ಯಾವಾಗಲೂ ಕೈಗೆ ಸಿಗುವ ನೆಪ. ಆದರೂ ಎದ್ದೆ. ಗ್ಲಾಸು ಕೈಯಲ್ಲೇ ಇತ್ತು, ಇಡಲು ಮರೆತಿದ್ದೆ.

ಗಾಜಿನ ಆ ಬದಿಗೆ ಹೋಗಿ ನಿಂತಾಗ ಅವಳು ತಲೆ ಎತ್ತಿದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಎಡಗೈ ಮಣಿಕಟ್ಟಿನಲ್ಲಿ ಹೊರಮುಖವಾಗಿ ತಿರುಗಿತ್ತು. ನನ್ನ ಮುಖ ನೋಡಿದಳು, ಗ್ಲಾಸು ನೋಡಿದಳು, ಮತ್ತೆ ಮುಖ ನೋಡಿದಳು.

‘ಅಕ್ಕೋರು’ ಎಂದಳು. ಕೇಳಿದ್ದಲ್ಲ, ಹೇಳಿದ್ದು. ಕೈ ನಿಲ್ಲಲಿಲ್ಲ.

‘ದ್ಯಾಮವ್ವ.’

‘ಕುಡೀರಿ, ಕುಡೀರಿ. ಈಗ ಎಲ್ಲಾರೂ ಕುಡೀತಾರ, ಹೆಣ್ಣ ಗಂಡ ಕೂಡೇ. ಮುಂದ ಬೋರ್ಡ್ ಹಚ್ಯಾರಲ್ಲ, ಪ್ಯಾಮಿಲಿ ಅಂತ.’ ಹಿಟ್ಟಿನ ಇನ್ನೊಂದು ಉಂಡೆ ತೆಗೆದಳು. ‘ನಿಮ್ಮ ಯಜಮಾನ್ರು ಹೆಂಗದಾರ?’

‘ಹೋಗಿ ಒಂಬತ್ತು ವರ್ಷ ಆತು.’ ಹೇಗೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಇವರು ಎಷ್ಟು ವರ್ಷದಿಂದ ಕುಡಿಯುತ್ತಾರೆ ಎಂದು ಡಾಕ್ಟರು ಕೇಳಿದಾಗ, ಪ್ರಭಾಕರರ ಹಳದಿಯಾದ ಕಣ್ಣುಗಳ ಮುಂದೆಯೇ ನಾನು ‘ಓನ್ಲಿ ಸೋಷಿಯಲಿ’ ಎಂದಿದ್ದೆ.

‘ನಮ್ಮವರೂ ಹೋದ್ರು’ ಎಂದಳು ದ್ಯಾಮವ್ವ. ‘ಹೋದ ವರ್ಷ. ಕುಡಿಯೂದಽ ಬಿಟ್ಟಿದ್ರು ನೋಡ್ರಿ, ಅವತ್ತ ಕಟ್ಟಿ ಮ್ಯಾಲ ಆತಲ್ಲ, ಅವತ್ತಿಂದ. ಒಂದ ಹನಿ ಮುಟ್ಟಲಿಲ್ಲ. ಹೊಡೀಲೂ ಇಲ್ಲ.’

‘ಚಲೋ ಆತಲ್ಲ...’ ಎಂದೆ. ನನ್ನ ದನಿಯಲ್ಲಿ ಎದ್ದುಬಂದ ಆಸೆ ನನಗೇ ಅಸಹ್ಯವಾಯಿತು.

‘ಹೂಂನ್ರಿ. ನನ್ನ ಕೈಲೆ ಊಟಾನೂ ಮಾಡ್ಲಿಲ್ಲ. ಅವರವ್ವ ಇರೂತನಕ ಆಕಿ ನೀಡತಿದ್ಲು. ಆಕಿ ಹೋದ ಮ್ಯಾಲ ತಾವಽ ಅನ್ನಾ ಕುದಿಸ್ಕೊತಿದ್ರು. ಮೂವತ್ತನಾಕ ವರ್ಷ, ಒಂದಽ ಮನ್ಯಾಗ. ನಾ ಬಡದ ರೊಟ್ಟಿ ಮುಟ್ಟಲಿಲ್ಲ. ಹೆಸರ ಹಿಡದ ಕರೀಲಿಲ್ಲ.’ ರೊಟ್ಟಿಯನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆ ಎಳೆದಳು. ಹಬೆ ಎದ್ದಿತು. ‘ಈಗ ಊರ ಮಂದಿ ತಿಂತಾರ. ದಿನಾ ಎರಡನೂರ.’

ಶ್ರುತಿ ಮಾತಿನ ಕಡೆ ಲಕ್ಷ್ಯವಿಲ್ಲದೆ, ಫೋನು ಎತ್ತಿ ಹಿಡಿದು ಹಂಚಿನ ಹಬೆಯ ವಿಡಿಯೋ ತೆಗೆಯುತ್ತಿದ್ದಳು. ಆಗ ಓನರ್ ಬಂದ. ಹಳೆಯ ಗುತ್ತಿಗೆದಾರನ ಮೊಮ್ಮಗ. ಅದೇ ಮೀಸೆ, ಇಸ್ತ್ರಿಯ ಲಿನನ್ ಶರ್ಟು, ಮಾತು ಮೃದು. ‘ಹೆಂಗೈತ್ರಿ ಮ್ಯಾಡಮ್ ನಮ್ಮ ಪ್ಲೇಸು? ಅಜ್ಜಿ, ಇವರಿಗೆ ಒಂದ ಒಡಪ ಹೇಳ ನೋಡೂಣು. ಆ ಕರಿಕಿ ನಾಚಿಕಿದು. ಮಂದಿಗೆ ಅದಽ ಭಾಳ ಸೇರತೈತಿ.’

ದ್ಯಾಮವ್ವ ಕೈ ಒರೆಸಿಕೊಂಡಳು.

‘ಇವರ ಮುಂದ ಹೇಳೂದಿಲ್ಲಪಾ.’

‘ಯಾಕ ಅಜ್ಜಿ?’

‘ಅಕ್ಕೋರಿಗೆ ಗೊತ್ತೈತಿ ಆ ಹೆಸರು. ಅವರು ಆಗಽ ಬರಕೊಂಡಾರ.’

ಓನರ್ ಏನೂ ತಿಳಿಯದೆ ನಕ್ಕ. ಶ್ರುತಿ ಫೋನು ಇಳಿಸಿ ನನ್ನತ್ತ ತಿರುಗಿದಳು. ‘ಹೌದ ಮೌಶಿ? ಏನ ಬರಕೊಂಡಿದ್ದಿ?’

ಮುಂದಿನ ಉಂಡೆ ಕಲ್ಲಿನ ಮೇಲಿತ್ತು, ಅದರ ಮೇಲೆ ದ್ಯಾಮವ್ವನ ಎರಡೂ ಕೈ. ಬಡಿಯಲಿಲ್ಲ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಹಂಚನ್ನು ನೋಡುತ್ತಿದ್ದಳು. ಆದರೆ ಕಾಯುತ್ತಿದ್ದಳು. ಆ ಕಾಯುವಿಕೆ ನನಗೆ ಗುರುತಿತ್ತು. ಇಲ್ಲಿ ಸಾಹೇಬರಿಲ್ಲ, ನೌಕರಿಯಿಲ್ಲ, ಪ್ರಭಾಕರರಿಲ್ಲ. ಕೈಯಲ್ಲಿ ಕೊಡೆಯೂ ಇರಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸಿಗೆ, ತಂಗಿಯ ಮಗಳ ಮುಂದೆ, ಕಳೆದುಕೊಳ್ಳಲು ಇದ್ದದ್ದು ಏನು? ‘ಮೌಶಿ ಭಾಳ ಚಲೋ ಹೆಂಗಸು’ ಎಂಬ ಒಂದು ಮಾತು, ಅಷ್ಟೇ.

‘ಶಾಲಿ ರಜಿಸ್ಟರ್‌ನ್ಯಾಗ’ ಎಂದೆ. ‘ಮಕ್ಕಳ ಅಪ್ಪನ ಹೆಸರು ಬರಕೋತಿದ್ವಿ ಆಗ.’

‘ಓ, ಸೋ ಸ್ವೀಟ್’ ಎಂದಳು ಶ್ರುತಿ.

ಪಟ್ ಪಟ್ ಪಟ್. ಒಂದು ತಡೆ.

ದ್ಯಾಮವ್ವ ಹಂಚಿನಿಂದ ಬಿಸಿ ರೊಟ್ಟಿ ತೆಗೆದು ಒಂದು ತಾಟಿಗೆ ಹಾಕಿ ನನ್ನ ಮುಂದೆ ಸರಿಸಿದಳು. ‘ತಿನ್ರಿ’ ಎಂದಳು. ಮುಂದಿನ ಟೇಬಲ್ಲಿನವರು ಬಂದು ನಿಂತಿದ್ದರು, ಕೈಯಲ್ಲಿ ಫೋನು. ನಾವು ನಮ್ಮ ಜಾಗಕ್ಕೆ ಬಂದು ಕೂತೆವು. ರೊಟ್ಟಿಯ ಅಂಚು ಸ್ವಲ್ಪವೂ ಹರಿದಿರಲಿಲ್ಲ. ನಾನು ಪೂರಾ ತಿಂದೆ, ಬೆಚ್ಚಗಾದ ಬಿಯರನ್ನೂ ಕುಡಿದು ಮುಗಿಸಿದೆ.

ಹೊರಗೆ ಬರುವಾಗ ಹಿಂದಿನಿಂದ ಅವಳ ದನಿ ಕೇಳಿಸಿತು. ಯಾರದೋ ಫೋನಿನ ಮುಂದೆ, ರಾಗವಾಗಿ, ಬಿತ್ತಿದ ಭತ್ತ, ಎದ್ದ ಕರಿಕೆ, ಬಸಪ್ಪನ ಹೆಸರು. ಜನ ಚಪ್ಪಾಳೆ ತಟ್ಟಿದರು. ತಿರುಗಿ ಒಳಗೆ ಹೋಗಲು ಹತ್ತು ಹೆಜ್ಜೆ ಸಾಕಿತ್ತು. ಶ್ರುತಿ ಕಾರಿನ ಬಾಗಿಲು ತೆಗೆದು ನಿಂತಿದ್ದಳು. ನಾನು ಹತ್ತಿ ಕೂತೆ.